ಅವ ಖರೆ ಏನಂದ?

ಆ ವಾರ ನಮ್ಮ ಮನೆತನದ ಮೊಬೈಲ್ ಗ್ರೂಪಿನಲ್ಲಿ ಒಬ್ಬ ಹೆಂಗಸಿನ ಅಳುದನಿ ಸುತ್ತುತ್ತಿತ್ತು. ಮಕ್ಕಳನ್ನು ಹಿಡಿಯುವವರು ಬಂದಿದ್ದಾರಂತೆ, ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರಂತೆ, ಮೂಡಲಗಿ ಕಡೆ ಮುಗಿಸಿದ್ದಾರಂತೆ, ಗೋಕಾಕ ಕಡೆ ಮುಗಿಸಿದ್ದಾರಂತೆ, ಈಗ ಹುಕ್ಕೇರಿ ದಾರಿ ಹಿಡಿದಿದ್ದಾರಂತೆ. ಯಾರ ಮಗು, ಯಾವ ಓಣಿ, ನೋಡಿದವರು ಯಾರು, ಅದೊಂದೂ ಇರಲಿಲ್ಲ. ಅಳು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ನಮ್ಮ ಬಂಧುಬಳಗದವರು ಅದನ್ನು ಒಬ್ಬರಾದ ಮೇಲೊಬ್ಬರು ಮತ್ತೆ ಮತ್ತೆ ಅದೇ ಗ್ರೂಪಿಗೆ ಹಾಕುತ್ತಿದ್ದರು.

ನಾನು ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತಪ್ಪು ಕಂಡರೆ ಈಗಲೂ ಬೆರಳು ಕೆಂಪು ಪೆನ್ನು ಹುಡುಕುತ್ತವೆ. ಸಿಟ್ಟೂ ಸ್ವಲ್ಪ ಜಾಸ್ತಿಯೇ. "ಯಾರ ನೋಡ್ಯಾರ? ಯಾರ ಮನಿ ಕೂಸು? ಹೆಸರು ಹಾಕ್ರಿ" ಎಂದು ಬರೆದೆ. ಉತ್ತರವಾಗಿ ಕೈಮುಗಿಯುವ ಚಿತ್ರಗಳು ಬಂದವು. ಅದರ ಹಿಂದೆಯೇ ಅಕ್ಕನ ಫೋನು ಬಂತು.

"ನೀ ಯಾಕ ಎಲ್ಲಾದಕ್ಕೂ ಉಲ್ಟಾ ಹೊಡಿತೀ?"

"ಉಲ್ಟಾ ಹೊಡ್ಯಾಕತ್ತಿಲ್ಲ ಅಕ್ಕಾ, ಕೇಳಾಕತ್ತೇನಿ."

"ಕೇಳೂದಂದ್ರೂ ಅದ, ಉಲ್ಟಾ ಅಂದ್ರೂ ಅದ. ಸಣ್ಣ ಹುಡುಗ ಇರೂ ಮನಿ ನಮ್ದು. ನಿನಗೇನ ಗೊತ್ತಾಗತೈತಿ."

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿ ಅಕ್ಕನ ಮುಂದೆ ಮುಚ್ಚಿಕೊಳ್ಳುವುದು ಹೊಸದಲ್ಲ. ಅವಳು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಾನು ಅಂಬೆಗಾಲಿಡುವಾಗ ಅವ್ವ ತೀರಿಕೊಂಡಳು. ನಮ್ಮದು ಅಂಕಲಗಿ ಕಡೆಯ ಕುರಿಯವರ ಮನೆ, ಅಪ್ಪ ವರ್ಷದ ಅರ್ಧ ಕುರಿ ಹಿಂಡಿನ ಜೊತೆ ಊರೂರು ಅಲೆಯುವವನು. ಹಿಂಡಿನಲ್ಲಿ ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿಯ ಮೊಲೆಗೆ ರೂಢಿ ಮಾಡಿಸುವುದಕ್ಕೆ ನಮ್ಮಲ್ಲಿ 'ಹಚ್ಚುವುದು' ಅನ್ನುತ್ತಾರೆ. ಬಂದವರು ಹೋದವರು ಕೇಳಿದರೆ ಅಪ್ಪ ನನ್ನನ್ನು ತೋರಿಸಿ, "ಇದನ್ನ ಅಕ್ಕಗ ಹಚ್ಚೇನಿ" ಅನ್ನುತ್ತಿದ್ದನಂತೆ. ಅಕ್ಕ ಸಾಲಿ ಬಿಟ್ಟಳು, ನಾನು ಸಾಲಿಗೆ ಹೋದೆ. ಅವಳು ಹೇಳಿದ್ದಕ್ಕೆ ಇಲ್ಲ ಎಂದ ನೆನಪು ನನಗಿಲ್ಲ. ಅವಳು ಹೇಳಿದ್ದು ತಪ್ಪಿರಬಹುದು ಅನ್ನಿಸಿದಾಗಲೆಲ್ಲ ಬಂದ ಮಾತನ್ನು ಏನೋ ತಡೆಯುತ್ತಿತ್ತು. ಅದು ಋಣವೋ ಪ್ರೀತಿಯೋ ಅಂಜಿಕೆಯೋ, ಬೇರೆ ಬೇರೆ ಮಾಡಿ ನೋಡುವ ಧೈರ್ಯ ಬರಲಿಲ್ಲ.

ಅಕ್ಕನ ಮೊಮ್ಮಗ ನಾಲ್ಕು ವರ್ಷದವನು. ಅವನಿಗೆ ಒಳ್ಳೆಯದೊಂದು ಹೆಸರಿದೆ, ಆದರೆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹುಟ್ಟಿದ ದಿನವೇ ಅಕ್ಕ ಅವನನ್ನು ಎತ್ತಿಕೊಂಡು "ನಮ್ಮ ಮರಿ" ಎಂದಳು, ಅದೇ ನಿಂತಿತು. ಬೇರೆ ಮನೆಗಳಲ್ಲೂ ಮಕ್ಕಳನ್ನು ಹಾಗೆ ಮುದ್ದಿಗೆ ಕರೆಯುತ್ತಾರೆ. ನಮ್ಮಲ್ಲಿ ಮಾತ್ರ ಆ ಮಾತು ಕುರಿಯ ದಡ್ಡಿಯಿಂದ ನೇರ ತೊಟ್ಟಿಲಿಗೆ ಬಂದದ್ದು.

ಆ ಶನಿವಾರ ನಾನು ಗೋಕಾಕದಿಂದ ಬಸ್ಸು ಹಿಡಿದು ಅಕ್ಕನ ಊರಿಗೆ ಹೊರಟೆ. ಊರಿರುವುದು ಹುಕ್ಕೇರಿ ತಾಲೂಕಿನಲ್ಲಿ, ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಕೆಟ್ಟವರಲ್ಲ, ಆ ದಿನ ನಡೆದದ್ದು ನಮ್ಮ ಕಡೆಯ ಯಾವ ಊರಿನಲ್ಲಾದರೂ ನಡೆಯುತ್ತಿತ್ತು. ಬಸ್ಸು ಊರೊಳಗೆ ಹೋಗುವುದಿಲ್ಲ. ಹೆದ್ದಾರಿಯ ಫಾಟಾದಲ್ಲಿ, ಅಂದರೆ ಊರಿನ ದಾರಿ ಒಡೆಯುವಲ್ಲಿ, ಇಳಿದು ಒಳಗೆ ನಡೆಯಬೇಕು. ಕಬ್ಬಿನ ಹಂಗಾಮು, ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳ ಸಾಲು. ಬರಬೇಡ ಎಂದರೂ ಅಕ್ಕ ನನ್ನನ್ನು ಕರೆದೊಯ್ಯಲು ಫಾಟಾಕ್ಕೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಉಸಿರು ಕಟ್ಟಿತ್ತು, ಸ್ವಲ್ಪ ಕೂತು ಹೋಗೋಣವೆಂದು ನಾನೂ ಕೂತೆ.

ಕಟ್ಟೆಯ ಹಿಂದೆ ಒಬ್ಬ ಯುವಕ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ. ಪ್ಯಾಂಟು, ಅಂಗಿ, ಕಾಲಲ್ಲಿ ಚಪ್ಪಲಿ. ಅವನ ಜೊತೆಗಾರ ಮೋಟಾರ್ ಸೈಕಲ್ ಮೇಲೆ ಕೂತು, ತೊಡೆಯ ನಡುವೆ ಒಂದು ಗೋಣಿಚೀಲ ಇಟ್ಟುಕೊಂಡು ಅದರ ಮೇಲೆ ಟವೆಲ್ ಹೊದಿಸಿದ್ದ. ಗದ್ದಲವಿದ್ದುದರಿಂದ ಯುವಕ ಜೋರಾಗಿಯೇ ಮಾತಾಡುತ್ತಿದ್ದ.

"ಹೂಂ, ಮರಿ ಎತಗೊಂಡೇವಿ. ಗಂಡು. ಚೀಲದಾಗ ಐತಿ. ತಾಯಿ ಬಿಟ್ಟಕೊಳ್ಳವಲ್ದು, ಇಲ್ಲೇ ಇಟ್ರ ಉಳಿಯೂದಿಲ್ಲ. ಹುಕ್ಕೇರಿ ದಾಟಿಸಿ ಬ್ಯಾರೆದಕ್ಕ ಹಚ್ಚತೀವಿ. ಬಂದ್ವಿ, ಬಂದ್ವಿ."

ನಾವಿಬ್ಬರೂ ಕೇಳಿದೆವು. ಕೇಳಿದರೂ ಆಗ ಏನೂ ಅನ್ನಿಸಲಿಲ್ಲ. ಅಕ್ಕ ನನ್ನ ಮೊಣಕಾಲು ನೋವಿನ ವಿಚಾರ ಕೇಳುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಆ ಕಡೆ ಸೊಸೆ. ಕಿವಿಗೆ ಹಿಡಿಯದೆಯೇ ನನಗೂ ಕೇಳಿಸುವಷ್ಟು ಜೋರಾಗಿ ಅಳುತ್ತಿದ್ದಳು.

"ಅತ್ತೀ, ಮರಿ ಕಾಣವಲ್ದು! ಅಂಗಳದಾಗ ಆಡಾಕತ್ತಿತ್ತು, ಎಲ್ಲೂ ಇಲ್ಲ!"

ಅಕ್ಕನ ಮುಖದ ಬಣ್ಣವೇ ಹೋಯಿತು. ಅವಳು ನನ್ನ ಕಡೆ ನೋಡಲಿಲ್ಲ. ಹಿಂದೆ ತಿರುಗಿ ಆ ಯುವಕನನ್ನು ನೋಡಿದಳು. ಆಮೇಲೆ ಆ ವಯಸ್ಸಿನಲ್ಲಿ, ಆ ಉಸಿರಿನಲ್ಲಿ, ಎದ್ದು ಹೋಗಿ ಎರಡೂ ಕೈಯಿಂದ ಅವನ ಕಾಲರ್ ಹಿಡಿದಳು.

"ಹಿಡೀರೋ! ನಮ್ಮ ಹುಡುಗನ್ನ ಚೀಲದಾಗ ಹಾಕ್ಯಾರೋ!"

ಜೊತೆಗಾರನಿಗೆ ಏನು ತಿಳಿಯಿತೋ ಏನೋ, ಜನ ತಿರುಗುವುದನ್ನು ನೋಡಿದ, ಗಾಡಿ ಚಾಲೂ ಮಾಡಿದ, ಚೀಲ ಸಮೇತ ಹುಕ್ಕೇರಿ ದಿಕ್ಕಿಗೆ ಹೊರಟುಹೋದ. ಚಹಾದಂಗಡಿಯವರು, ಟ್ರ್ಯಾಕ್ಟರಿನವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಓಡಿಬಂದು ಉಳಿದವನನ್ನು ಸುತ್ತುಗಟ್ಟಿದರು.

"ಅವ್ವಾರ, ಏನಾತ್ರಿ? ಮರಿ ರೀ ಅದು, ಮರಿ..." ಎಂದ ಅವನು.

ಅವನ ಬಾಯಿಂದ ಆ ಮಾತು ಬಂದದ್ದೇ ತಪ್ಪಾಯಿತು. ಅಕ್ಕ ಎದೆ ಬಡಿದುಕೊಂಡಳು. "ಕೇಳೀರಿಲ್ಲೋ? ಹುಡುಗನ ಹೆಸರೂ ಗೊತ್ತೈತಿ ಇವಂಗ! ನಮ್ಮ ಮರಿ ಹೆಸರು ಹೇಳಾಕತ್ತಾನ!"

ಮೊದಲ ಏಟು ಎಲ್ಲಿಂದ ಬಿತ್ತು ನೋಡಲಿಲ್ಲ. ಅವನು "ಕುರಿಮರಿ ರೀ, ಕುರಿಮರಿ" ಎಂದು ಒದರುತ್ತಿದ್ದ. "ಕುರಿಮರಿ ಆದ್ರ ಅವ ಯಾಕ ಓಡಿದಾ?" ಎಂದು ಒಬ್ಬ ಕೇಳಿದ. ಕೇಳಿದವನಿಗೆ ಉತ್ತರ ಬೇಕಿರಲಿಲ್ಲ. ಇನ್ನೊಬ್ಬ ಅವನ ತೋಳು ತಿರುವಿ ಎಲ್ಲರಿಗೂ ತೋರಿಸಿದ. ಅಂಗಿಯ ತೋಳಿಗೆ ರಕ್ತದ ಕಲೆ ಇತ್ತು. ಅದನ್ನು ಕಂಡದ್ದೇ ಜನರ ಬಾಯಿಂದ ಬಂದ ಸದ್ದು ಮನುಷ್ಯರದು ಅನ್ನಿಸಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ಸೊಂಟದ ಬೆಲ್ಟ್ ಬಿಚ್ಚಿ ಕೈಗೆ ಸುತ್ತಿಕೊಂಡ. ಕಾಲೇಜು ಹುಡುಗನೊಬ್ಬ ವಿಡಿಯೋ ತೆಗೆಯುತ್ತಿದ್ದ. ಯಾರೋ ಆಗಲೇ ಯುವಕನ ಫೋನು ಕಸಿದುಕೊಂಡಿದ್ದರು.

ಆಗ ನಾನೇನು ಮಾಡುತ್ತಿದ್ದೆ? ಯುವಕನಿಗೆ ಹೊಡೆಯಬೇಕೆಂದು ನನ್ನ ಕೈಯೂ ತುರಿಸುತ್ತಿತ್ತು. ಆ ಗ್ರೂಪಿನಲ್ಲಿ "ಯಾರ ನೋಡ್ಯಾರ" ಎಂದು ಬರೆದಿದ್ದ ಪಂಡಿತೆಗೆ ಈಗ ಕಣ್ಣ ಮುಂದೆ ಚೀಲ ಕಾಣುತ್ತಿತ್ತು, ಚೀಲದೊಳಗೆ ನಮ್ಮ ಹುಡುಗ ಕಾಣುತ್ತಿದ್ದ. ಅವನ ಬಾಯಿಗೆ ಬಟ್ಟೆ ತುರುಕಿದ್ದಾರೆ ಅನ್ನುವುದೂ ಕಾಣುತ್ತಿತ್ತು. ನಾನು ನೋಡಿದ್ದು ಟವೆಲ್ ಹೊದಿಸಿದ ಗೋಣಿಚೀಲ ಮಾತ್ರ. ಉಳಿದದ್ದನ್ನೆಲ್ಲ ಆ ಅಳುದನಿ ನನ್ನೊಳಗೆ ಯಾವಾಗಲೋ ತುಂಬಿಟ್ಟಿತ್ತು.

"ಪೊಲೀಸರಿಗೆ ಫೋನ್ ಮಾಡ್ರಿ" ಎಂದೆ. ಚಹಾದಂಗಡಿಯವನು ಮಾಡಿದ್ದೇನೆ, ಬರುತ್ತಾರೆ ಎಂದ. "ಅವರು ಬರೂತನಕಾ ಇವನ್ನ ಕುಂಡ್ರಿಸಿ ಚಾ ಕುಡಿಸೋಣೇನು?" ಎಂದ ಬೆಲ್ಟಿನವನು. ಕೆಲವರು ನಕ್ಕರು. ಆ ನಗು ಕೇಳಿ ನನಗೆ, ಇವನನ್ನು ಇಲ್ಲೇ ಮುಗಿಸುತ್ತಾರೆ ಎಂದು ಆಗ ಖಾತ್ರಿಯಾಯಿತು.

ಅಕ್ಕ ನನ್ನ ರಟ್ಟೆ ಹಿಡಿದು ಗುಂಪಿನ ನಡುವೆ ಎಳೆದು ತಂದಳು.

"ಈಕಿ ನನ್ನ ತಂಗಿ, ಸಾಲಿ ಕಲಿಸೂ ಬಾಯಿ. ಈಕಿನೂ ಕೇಳ್ಯಾಳ. ಹುಡುಗನ್ನ ಚೀಲದಾಗ ಹಾಕೇವಿ ಅಂದಾನ. ತಾಯಿ ಬಿಟ್ಟಕೊಡವಲ್ಲಳು, ಅದಕ್ಕ ಎಳಕೊಂಡ ಬಂದೇವಿ ಅಂದಾನ. ಹೇಳ, ಎಲ್ಲಾರಿಗೂ ಹೇಳ!"

ಎಲ್ಲರೂ ನನ್ನ ಕಡೆ ತಿರುಗಿದರು. "ಹೌದೇನ್ರಿ ಬಾಯಾರ? ನೀವ್ ಹೇಳ್ರಿ. ನೀವು ಕಲ್ತಾವರು." ಬೆಲ್ಟಿನವನೂ ಕೈ ಇಳಿಸಿ ಕಾದ. ವಿಡಿಯೋದ ಹುಡುಗ ಫೋನನ್ನು ನನ್ನ ಮುಖಕ್ಕೆ ಹಿಡಿದ. ಯುವಕನ ತುಟಿ ಒಡೆದಿತ್ತು. ಅವನೂ ನನ್ನನ್ನೇ ನೋಡುತ್ತಿದ್ದ.

ಹೌದು ಅನ್ನುವುದು ಬಹಳ ಸುಲಭವಿತ್ತು. ಬಾಯಿ ತೆರೆದರೆ ಅದೇ ಬರುತ್ತಿತ್ತು. ಅಕ್ಕನ ಉಗುರು ನನ್ನ ರಟ್ಟೆಯಲ್ಲಿ ಇಳಿದಿದ್ದವು, ಅವಳ ಮುಖ ನನ್ನ ಮುಖದ ಹತ್ತಿರವಿತ್ತು. ಇಡೀ ಆಯುಷ್ಯದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಸಹಾಯ ಅದು. ಇನ್ನೂ ಒಂದಿತ್ತು, ಅದನ್ನು ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ. ಇವನು ಕಳ್ಳನಾದರೆ ನಮ್ಮ ಹುಡುಗ ಎಲ್ಲಿದ್ದಾನೆ ಅನ್ನುವುದು ಗೊತ್ತಾದಂತಾಯಿತು. ಆ ಚೀಲದಲ್ಲಿದ್ದಾನೆ, ಹುಕ್ಕೇರಿ ರಸ್ತೆಯಲ್ಲಿದ್ದಾನೆ, ಬೆನ್ನಟ್ಟಿದರೆ ಸಿಗುತ್ತಾನೆ. ಇವನು ಕಳ್ಳನಲ್ಲದಿದ್ದರೆ ಹುಡುಗ ಎಲ್ಲಿದ್ದಾನೋ ದೇವರಿಗೇ ಗೊತ್ತು. ಬಾವಿ ಇದೆ, ಕಾಲುವೆ ಇದೆ, ಟ್ರ್ಯಾಕ್ಟರುಗಳಿವೆ. ಹಾಗಾಗಿ ಅವನು ಕಳ್ಳನೇ ಆಗಿರಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಆ ಬೇಡಿಕೆ ನನಗೆ ಕೇಳಿಸಿತು, ಕೇಳಿಸಿದ್ದೇ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಅಕ್ಕ ಹೇಳಿದ್ದರಲ್ಲಿ ಏನೋ ಸರಿಯಿರಲಿಲ್ಲ. ಕಿವಿಯಲ್ಲಿ ಏನೋ ಒತ್ತುತ್ತಿತ್ತು. ನಾನು ಮಕ್ಕಳಿಗೆ ಉಕ್ತಲೇಖನ ಬರೆಸುತ್ತಿದ್ದವಳು. ಅದರಲ್ಲಿ ಮಕ್ಕಳು ಮಾಡುವ ತಪ್ಪು ಒಂದೇ ಜಾತಿಯದು: ನಾವು ಹೇಳಿದ್ದನ್ನು ಬರೆಯುವುದಿಲ್ಲ, ಮುಂದೆ ಏನು ಬರಬಹುದು ಎಂದು ತಾವು ಅಂದುಕೊಂಡಿದ್ದನ್ನು ಬರೆಯುತ್ತವೆ. ಅಂಥ ತಪ್ಪು ಬರೆದ ಪಾಟಿಗಳನ್ನು ತಿದ್ದುವಾಗ ನಾನು ಕಣ್ಣು ಮುಚ್ಚಿ ನನ್ನದೇ ಮಾತನ್ನು ಮತ್ತೆ ಕೇಳಿಸಿಕೊಳ್ಳುತ್ತಿದ್ದೆ. ಈಗಲೂ ಕಣ್ಣು ಮುಚ್ಚಿದೆ.

"ಏನ್ ನಿದ್ದಿ ಮಾಡ್ತೀರೇನ್ರಿ? ಹೇಳ್ರಿ ಲಗೂನ" ಎಂದು ಯಾರೋ ಒದರಿದರು.

ಅವನು ಹುಡುಗ ಅಂದಿರಲಿಲ್ಲ. ಮರಿ ಅಂದಿದ್ದ. ಬಿಟ್ಟುಕೊಡುವ ಮಾತೂ ಆಡಿರಲಿಲ್ಲ. 'ಬಿಟ್ಟಕೊಳ್ಳವಲ್ದು' ಅಂದಿದ್ದ. ಬಿಟ್ಟುಕೊಡದ ತಾಯಿ ಮಗುವನ್ನು ಎದೆಗೆ ಅವುಚಿಕೊಂಡಿರುತ್ತಾಳೆ. ಬಿಟ್ಟುಕೊಳ್ಳದ ತಾಯಿ ಮರಿಯನ್ನು ಹತ್ತಿರ ಬರಗೊಡುವುದಿಲ್ಲ, ಮೊಲೆಗೆ ಬಂದರೆ ಒದೆಯುತ್ತದೆ. ಇನ್ನೂ ಒಂದಿತ್ತು. ಅಕ್ಕ 'ವಲ್ಲಳು', ಅಂದರೆ ಒಲ್ಲಳು, ಅಂದಳು, ಅವನು 'ವಲ್ದು', ಅಂದರೆ ಒಲ್ಲದು, ಅಂದಿದ್ದ. ಹೆಣ್ಣುಮಗಳ ಬಗ್ಗೆ ಮಾತಾಡುವವನು 'ಅದು' ಎಂದು ಯಾಕೆ ಅಂದಾನು? ನಮ್ಮ ಕಡೆ ಸಣ್ಣ ಮಕ್ಕಳಿಗೆ ಹಾಗೆ ಅನ್ನುವುದುಂಟು, ಮರಿ ಕಾಣವಲ್ದು ಎಂದು ಸೊಸೆಯೂ ಈಗ ತಾನೇ ಅಂದಿದ್ದಳು. ಆದರೆ ಒಬ್ಬ ತಾಯಿಗೆ? ಅದೂ ಅವನು ಹೊಡೆತ ಬೀಳುವುದಕ್ಕೆ ಮೊದಲು, ಯಾರೂ ಕೇಳುತ್ತಿಲ್ಲ ಎಂದುಕೊಂಡು ಆಡಿದ ಮಾತು. ಸುಳ್ಳು ಹೇಳುವ ಕಾರಣ ಆಗ ಅವನಿಗೆ ಇರಲಿಲ್ಲ.

ಇಷ್ಟರಿಂದ ಏನೂ ಖಾತ್ರಿಯಾಗಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಕ್ರಿಯಾಪದದ ಬಾಲ, ಅಷ್ಟೆ. ಎದುರಿಗೆ ರಕ್ತದ ಕಲೆ, ಓಡಿಹೋದ ಜೊತೆಗಾರ, ಅಳುವ ಅಕ್ಕ.

"ಇವ ಹುಡುಗ ಅನ್ಲಿಲ್ಲ" ಎಂದೆ. "ಮರಿ ಅಂದ. ತಾಯಿ ಬಿಟ್ಟಕೊಳ್ಳವಲ್ದು ಅಂದ. ಬಿಟ್ಟಕೊಡವಲ್ಲಳು ಅನ್ಲಿಲ್ಲ. ಬ್ಯಾರೆದಕ್ಕ ಹಚ್ಚತೀವಿ ಅಂದ. ನಾ ಕೇಳಿದ್ದು ಇಷ್ಟ."

ಗುಂಪು ಗೊಂದಲದಲ್ಲಿ ಬಿತ್ತು. "ಏನ ಫರಕ್ರಿ ಅದ್ರಾಗ?" ಎಂದು ಬೆಲ್ಟಿನವನು ಸಿಟ್ಟಿನಿಂದ ಕೇಳಿದ. ಅಕ್ಕ ನನ್ನ ರಟ್ಟೆ ಬಿಟ್ಟಳು. ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದೆ ಬರುತ್ತದೆ.

"ನೀ ಹಡದಿದ್ರ ಗೊತ್ತಾಗತಿತ್ತು" ಎಂದಳು. "ಹಡೀಲಾರದಾಕಿಗೆ ಏನ ಗೊತ್ತಾಗಬೇಕು."

ನನಗೆ ಮಕ್ಕಳಿಲ್ಲ. ಅದನ್ನು ಊರವರು ಅಂದಿದ್ದಾರೆ, ಅತ್ತೆ ಅಂದಿದ್ದಾಳೆ. ಅಕ್ಕ ಎಂದೂ ಅಂದಿರಲಿಲ್ಲ. ಅಂದವರ ಜೊತೆ ನನ್ನ ಪರವಾಗಿ ಜಗಳ ಮಾಡಿದವಳೇ ಅವಳು. ಅಲ್ಲೇ ಕೂತು ಅಳಬೇಕೆನಿಸಿತು. ಒಂದು ಕ್ಷಣ ನಾನು ಖಂಡಿತ ಅಂದುಕೊಂಡೆ: ಹೋಗಲಿ, ನನಗೇನು, ಇವನು ಯಾರ ಮಗನೋ, ಅಕ್ಕನಿಗಿಂತ ಹೆಚ್ಚೇ? ತಪ್ಪಾಯಿತು ಅಕ್ಕಾ, ನೀನಂದದ್ದೇ ಖರೆ ಎಂದು ಒಂದು ಮಾತು ಹೇಳಿದರೆ ಅವಳು ನನ್ನನ್ನು ಮತ್ತೆ ತಬ್ಬಿಕೊಳ್ಳುತ್ತಿದ್ದಳು.

ನಾನು ಯುವಕನ ಹತ್ತಿರ ಹೋದೆ. ಸಾಲಿಯಲ್ಲಿ ಕೇಳುವ ಧ್ವನಿಯಲ್ಲೇ ಕೇಳಿದೆ.

"ಎಷ್ಟನೇ ಸೂಲದು?"

ಸೂಲು ಅಂದರೆ ಕುರಿ ದನಗಳು ಈಯುವುದು. ಗುಂಪಿನಲ್ಲಿದ್ದವರಿಗೆ ಅದೇನು ಕೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಯುವಕ ಉತ್ತರ ಹೇಳಿಬಿಟ್ಟ. ಯೋಚಿಸಲಿಲ್ಲ, ಕಣ್ಣು ಆಚೀಚೆ ಹೊರಳಿಸಲಿಲ್ಲ.

"ಚೊಚ್ಚಲ ಸೂಲ್ರಿ. ಅದಕ್ಕ ಬಿಟ್ಟಕೊಳ್ಳವಲ್ದು. ನಸುಕಿನ್ಯಾಗ ಈದೈತಿ. ನಮ್ಮ ಕಾಕಾನ ಹಿಂಡಿನ್ಯಾಗ ಮರಿ ಸತ್ತಿದ್ದೊಂದು ಐತ್ರಿ ಹುಕ್ಕೇರಿ ಆಚಿಕಡೆ, ಅದಕ್ಕ ಹಚ್ಚಾಕ ಹೊಂಟಿದ್ವಿ."

ನಾನು ಅವನ ತೋಳು ಹಿಡಿದು ಆ ರಕ್ತದ ಕಲೆಗೆ ಮೂಗು ಹಚ್ಚಿದೆ. ಜನ ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಮೊದಲ ಹಾಲಿನ ವಾಸನೆ, ಉಣ್ಣೆಯ ವಾಸನೆ, ಹುಟ್ಟಿದ ಮರಿಯ ಮೈಯ ಲೋಳೆಯ ವಾಸನೆ. ಸಾಲಿಯಲ್ಲಿ ಜೊತೆಯ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆಂದು ನಾನು ತಿಕ್ಕಿ ತಿಕ್ಕಿ ತೊಳೆದುಕೊಂಡಿದ್ದ ವಾಸನೆ. ಅದು ಆ ಕಟ್ಟೆಯ ಹಿಂದೆ ಮೊದಲಿನಿಂದಲೂ ಇತ್ತು. ನನ್ನ ಮೂಗಿಗೆ ಬಡಿದಿತ್ತು ಕೂಡ, ನಾನು ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ.

"ಇದು ಈದ ಕುರಿ ರಕ್ತ" ಎಂದೆ. "ನಾ ಕುರಿಯವರ ಮಗಳು, ನನಗ ಗೊತ್ತೈತಿ. ನನ್ನ ಮಾತಿನ ಮ್ಯಾಲೂ ಬಿಡಬ್ಯಾಡ್ರಿ ಇವನ್ನ. ಇವನ ಫೋನ್ ಯಾರ ಹತ್ರ ಐತಿ? ಆ ಓಡಿಹೋದಾವಗ ಹಚ್ಚರಿ. ಎಲ್ಲಾರಿಗೂ ಕೇಳೂ ಹಂಗ ಸ್ಪೀಕರ್ ಹಾಕ್ರಿ."

ಫೋನು ಬೆಲ್ಟಿನವನ ಜೇಬಿನಲ್ಲೇ ಇತ್ತು. ಅವನು ಯಾಕೆಂದು ಕೇಳಲಿಲ್ಲ, ತೆಗೆದುಕೊಟ್ಟ. ಫೋನು ರಿಂಗಾಯಿತು, ಆ ಕಡೆ ಎತ್ತಲಿಲ್ಲ. ಮತ್ತೆ ಹಚ್ಚಿದೆವು. ಎತ್ತಲಿಲ್ಲ. "ನೋಡ್ರಿ, ಕಳ್ಳರ ಲಕ್ಷಣ" ಎಂದು ಹಿಂದಿನಿಂದ ಯಾರೋ ಅಂದರು. ಬೆಲ್ಟು ಮತ್ತೆ ಕೈಗೆ ಸುತ್ತಿಕೊಳ್ಳತೊಡಗಿತು. ಇವನು ಸುಳ್ಳನಾಗಿದ್ದರೆ, ನನ್ನ ವ್ಯಾಕರಣದ ಜಂಭಕ್ಕೆ ನಮ್ಮ ಹುಡುಗ ಹೋದರೆ, ಅಕ್ಕನ ಮುಂದೆ ನಿಲ್ಲುವುದು ಹೇಗೆ? ಮೂರನೆಯ ಸಲ ಹಚ್ಚಿದಾಗ ಎತ್ತಿದ.

"ಏ, ನನ್ನೂ ಹೊಡಿತಾರೋ, ನಾ ಬರೂದಿಲ್ಲ" ಎಂದು ಅಳುತ್ತಿದ್ದ ಜೊತೆಗಾರ.

"ಬರಬ್ಯಾಡಪಾ" ಎಂದೆ ನಾನು. "ವಿಡಿಯೋ ಚಾಲೂ ಮಾಡಿ ಚೀಲದ ಬಾಯಿ ಬಿಚ್ಚಿ ತೋರಿಸು."

ವಿಡಿಯೋ ಬರುವುದಕ್ಕೂ ಮೊದಲು ಸದ್ದು ಬಂತು. ಹಸಿದ ಮರಿಯ ಕೂಗು. ತೆಳ್ಳಗೆ, ನಡುಗುತ್ತ, ಬಿಟ್ಟು ಬಿಟ್ಟು. ಆಮೇಲೆ ಪರದೆಯ ಮೇಲೆ ಚೀಲದ ಬಾಯಿಂದ ಹೊರಬಂದ ಒದ್ದೆ ಕಿವಿಗಳ ಕಪ್ಪು ಮುಖ ಕಂಡಿತು.

ಡ್ರೈವರ್ ಬೆಲ್ಟನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಳ್ಳುತ್ತ, ಟ್ರ್ಯಾಕ್ಟರಿನ ಎಂಜಿನ್ ಹಾಗೇ ಚಾಲೂ ಇದೆ ಎಂದು ಹೇಳಿ ಹೊರಟ. ವಿಡಿಯೋದ ಹುಡುಗ ಫೋನು ಜೇಬಿಗೆ ಹಾಕಿಕೊಂಡ. ಬಸ್ಸು ಬಂತು, ಹತ್ತುವವರು ಹತ್ತಿದರು. ಕ್ಷಮಿಸು ಎಂದು ಒಬ್ಬರೂ ಅನ್ನಲಿಲ್ಲ. ಚಹಾದಂಗಡಿಯವನು ಮಾತ್ರ ಒಂದು ತಂಬಿಗೆ ನೀರು ತಂದಿಟ್ಟು ಹೋದ. ಯುವಕ ಬಾಯಿ ಮುಕ್ಕಳಿಸಿದ, ಹರಿದ ಜೇಬು ಮುಟ್ಟಿ ನೋಡಿಕೊಂಡ, ಒಂದು ಚಪ್ಪಲಿ ಹುಡುಕಿದ. ಪೊಲೀಸರು ಬರುವತನಕ ಇರಪ್ಪಾ, ದವಾಖಾನೆಗೆ ಹೋಗೋಣ ಎಂದೆ. ಅವನು ತಲೆ ಅಲ್ಲಾಡಿಸಿದ.

"ಮರಿ ಹಸದೈತ್ರಿ" ಎಂದಷ್ಟೇ ಹೇಳಿ, ಕುಂಟುತ್ತ ಹುಕ್ಕೇರಿ ಕಡೆಗೆ ನಡೆದ. ಅವನ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಕಟ್ಟೆಯ ಹತ್ತಿರ ನಾನು ಮತ್ತು ಅಕ್ಕ ಉಳಿದೆವು. ಇಡೀ ದಿನದಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಿಲ್ಲ. ಈಗ ಕಳ್ಳನಿಲ್ಲ, ಚೀಲವಿಲ್ಲ, ಬೆನ್ನಟ್ಟಲು ರಸ್ತೆಯೂ ಇಲ್ಲ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

"ಬಿಡಿಸಿದ್ಯೆಲಾ ಅವನ್ನ" ಎಂದಳು. "ಈಗ ಹೇಳ. ನನ್ನ ಮರಿ ಎಲ್ಲಿ?"

ಗೊತ್ತಿಲ್ಲ ಅಕ್ಕಾ, ಹುಡುಕೋಣ ಎಂದೆ. ಅವಳ ಪಕ್ಕ ಕೂತು, ಮನೆಗೆ ಯಾರು ಯಾರು ಬಂದು ಹೋಗುತ್ತಾರೋ ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಕಳ್ಳ ಸಿಕ್ಕಿದ್ದರಿಂದ ಯಾರಿಗೂ ಅದು ಬೇಕೆನಿಸಿರಲಿಲ್ಲ. ಸೊಸೆಯ ತಮ್ಮ, ಅಂದರೆ ಹುಡುಗನ ಸೋದರಮಾವ, ಫೋನು ಎತ್ತಿದ.

"ನನ್ನ ಕೂಡ ಅದಾನ್ರಿ, ಅಂಗಳದಾಗಿಂದ ಕರಕೊಂಡ ಬಂದೆ" ಎಂದ. "ಘೋಡಗೇರಿಗೆ ಬಂದೇವಿ, ಕಟಿಂಗ್ ಮಾಡ್ಸಾಕತ್ತೇನಿ. ನಿನ್ನಿ ಸಂಜಿಮುಂದ ಹೇಳಿದ್ನೆಲ್ರಿ ನಿಮ್ಮ ಅಕ್ಕಾರಿಗೆ. ಹೂಂ ಅಂದ್ರು. ಯಾಕ್ರಿ?"

ಹಿಂದಿನ ದಿನ ಸಂಜೆ ಅವನು ಬಾಗಿಲಲ್ಲಿ ನಿಂತು ಹೇಳಿದಾಗ ಅಕ್ಕ ಫೋನನ್ನು ಕಿವಿಗೊತ್ತಿಕೊಂಡು ಆ ಹೆಂಗಸಿನ ಅಳುದನಿಯನ್ನು ಮತ್ತೊಮ್ಮೆ ಕೇಳುತ್ತಿದ್ದಳಂತೆ. ಇದನ್ನು ಅವನೇ ನನಗೆ ಆಮೇಲೆ ಹೇಳಿದ. ನಾನು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಹುಡುಗನ ಧ್ವನಿ ಕೇಳಿಸಿದಾಗ ಅಕ್ಕ ಅತ್ತ ಅಳುವನ್ನು ಕಂಡು ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ನೋವು ಮಾತ್ರ ಇಳಿಯಲಿಲ್ಲ.

ನಾನು ಒಳಗೆ ಊರಿಗೆ ಹೋಗಲಿಲ್ಲ. ಮುಂದಿನ ಬಸ್ಸಿಗೆ ಗೋಕಾಕಕ್ಕೆ ತಿರುಗಿ ಬಂದೆ. ಪೊಲೀಸರು ಅಲ್ಲಿಯತನಕ ಬಂದಿರಲಿಲ್ಲ. ಅಕ್ಕ ಇರು ಎನ್ನಲಿಲ್ಲ.

ಆಮೇಲೆ ಬಹಳ ದಿನ ಅವಳು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾಡಬೇಕೆಂದು ಕೈಗೆತ್ತಿಕೊಳ್ಳುತ್ತಿದ್ದೆ, 'ಹಡೀಲಾರದಾಕಿ' ಅನ್ನುವುದು ಕಿವಿಯಲ್ಲಿ ಬಂದು ಕೂರುತ್ತಿತ್ತು. ಗ್ರೂಪಿನಲ್ಲಿ ಆ ಅಳುದನಿ ನಿಂತಿತ್ತು, ಅದರ ಜಾಗಕ್ಕೆ ಮಧುಮೇಹಕ್ಕೆ ಯಾವುದೋ ಎಲೆಯ ಕಷಾಯ ಬಂದಿತ್ತು. ಅಕ್ಕ ಈಗ ಮೊಮ್ಮಗನನ್ನು ಪೂರ್ತಿ ಹೆಸರು ಹಿಡಿದೇ ಕರೆಯುತ್ತಾಳೆ, ಮರಿ ಅನ್ನುವುದನ್ನು ಬಿಟ್ಟಿದ್ದಾಳೆ ಎಂದು ಸೊಸೆ ಹೇಳಿದಳು. ಹುಡುಗನಿಗೆ ಅದು ಇಷ್ಟವಿಲ್ಲವಂತೆ, ಓಗೊಡುವುದಿಲ್ಲವಂತೆ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ. ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು, ಉಸಿರು ಏರಿತ್ತು. ನೀರು ಕೊಟ್ಟೆ, ಕುಡಿದಳು. ಊಟಕ್ಕೆ ಏಳು ಎಂದರೆ ಏಳಲಿಲ್ಲ. ಆ ಮಾತಿನ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ಕಾದೆ, ಹೇಳಲಿಲ್ಲ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

"ಒಂದ ಕೇಳ್ಲೇನ?" ಎಂದಳು ಕೊನೆಗೆ. ಅಕ್ಕ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. "ಅವತ್ತ ಫಾಟಾದಾಗ ಆ ಕುರಿ ಹುಡುಗ ಖರೆ ಏನಂದ? ಇನ್ನೊಮ್ಮಿ ಹೇಳ. ಅವ ಅಂದಿದ್ದಷ್ಟ ಹೇಳ."

ನಾನು ಹೇಳಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ಉಕ್ತಲೇಖನ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಮರಿ ಎತಗೊಂಡೇವಿ. ಗಂಡು. ಚೀಲದಾಗ ಐತಿ. ತಾಯಿ ಬಿಟ್ಟಕೊಳ್ಳವಲ್ದು, ಇಲ್ಲೇ ಇಟ್ರ ಉಳಿಯೂದಿಲ್ಲ. ಹುಕ್ಕೇರಿ ದಾಟಿಸಿ ಬ್ಯಾರೆದಕ್ಕ ಹಚ್ಚತೀವಿ.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಅವಳ ತುಟಿ ನನ್ನ ಮಾತಿನ ಹಿಂದೆಯೇ ಅಲುಗುತ್ತಿದ್ದವು. ಕೊನೆಯ ಮಾತಿಗೆ ಬಂದಾಗ ನನಗಿಂತ ಮೊದಲೇ ಅವಳೇ ಅದನ್ನು ಹೇಳಿದಳು. ಆಮೇಲೆ ಕಣ್ಣು ತೆರೆದು ನನ್ನ ಕೈ ಹಿಡಿದುಕೊಂಡಳು.

"ಬ್ಯಾರೆದಕ್ಕ ಹಚ್ಚತೀವಿ ಅಂದ" ಎಂದಳು. "ಅವತ್ತ ನನಗೂ ಹಂಗ ಕೇಳಿಸಿತ್ತು."